ನಿಕಟ ವಾಯು ಬೆಂಬಲ: ವಿಮಾನದ ಆಯ್ಕೆ ಮತ್ತು ಬೆಂಗಳೂರಿನ ವಿನ್ಯಾಸಗಳು

ರಣರಂಗದ ಮುಂಚೂಣಿಯಲ್ಲಿ ಶತ್ರುವಿಗೆ ಎದುರಾಗಿ ನಿಂತ ನೆಲಸೈನಿಕರಿಗೆ, ಅವರ ಕೋರಿಕೆಯ ಮೇರೆಗೆ, ಆಕಾಶದಿಂದ ಕೊಡುವ ನೇರ ನೆರವೇ ನಿಕಟ ವಾಯು ಬೆಂಬಲ. ಶತ್ರುವಿನ ವಿಮಾನನೆಲೆ, ಸೇತುವೆ, ರೈಲುಮಾರ್ಗಗಳ ಮೇಲೆ ನಡೆಯುವ ದಾಳಿಗಳಿಂದಲೂ ಸೈನ್ಯಕ್ಕೆ ಅನುಕೂಲವಾಗುತ್ತದೆ. ಆದರೆ ಅವು ಇದರೊಳಗೆ ಬರುವುದಿಲ್ಲ. ನಿಕಟ ಬೆಂಬಲದಲ್ಲಿ ಸ್ವಂತ ಸೈನಿಕರೂ ಶತ್ರುವೂ ಕೆಲವು ನೂರು ಮೀಟರ್ ಅಂತರದಲ್ಲಿರುತ್ತಾರೆ. ಆದ್ದರಿಂದ ವಿಮಾನ ಎಷ್ಟು ಬಾಂಬು ಹೊರುತ್ತದೆ ಎನ್ನುವುದಕ್ಕಿಂತ, ಸೈನಿಕ ತೋರಿಸಿದ ಗುರಿಯನ್ನೇ ಪೈಲಟ್ ಹೊತ್ತಿಗೆ ಸರಿಯಾಗಿ ಕಾಣಬಲ್ಲನೇ ಎನ್ನುವುದು ಇಲ್ಲಿ ಮುಖ್ಯ. ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆ (ಎಚ್‌ಎಎಲ್) ಬೆಂಗಳೂರಿನಲ್ಲಿ ವಿನ್ಯಾಸಗೊಳಿಸಿದ ಮೂರು ವಿಮಾನಗಳು ಈ ಕೆಲಸದ ಚರಿತ್ರೆಯಲ್ಲಿ ನಿಲ್ಲುತ್ತವೆ: ಕೃಷಕ್, ಎಚ್‌ಎಫ್-24 ಮರುತ್ ಮತ್ತು ಪ್ರಚಂಡ ಹೆಲಿಕಾಪ್ಟರ್. ಇವುಗಳಲ್ಲಿ ಈ ಕೆಲಸಕ್ಕಾಗಿಯೇ ಹುಟ್ಟಿದ ದಾಳಿ ವಾಹನ ಪ್ರಚಂಡ ಒಂದೇ.

ಆಯ್ಕೆಯ ಒರೆಗಲ್ಲು

ವೇಗ ಇಲ್ಲಿ ವರವೂ ಹೌದು, ಶಾಪವೂ ಹೌದು. ಗಂಟೆಗೆ 900 ಕಿ.ಮೀ. ವೇಗದ ಜೆಟ್ ಸೆಕೆಂಡಿಗೆ 250 ಮೀಟರ್ ಸಾಗುತ್ತದೆ. ಪೈಲಟ್ಟಿಗೆ ಟ್ಯಾಂಕೊಂದು 3 ಕಿ.ಮೀ. ದೂರದಲ್ಲಿ ಕಣ್ಣಿಗೆ ಬಿತ್ತು, 1 ಕಿ.ಮೀ. ದೂರದಲ್ಲಿ ಗುಂಡು ಹಾರಿಸಿ ಮೇಲೇಳಬೇಕು ಎಂದಿಟ್ಟುಕೊಳ್ಳೋಣ. ಅದು ನಮ್ಮದೋ ಅವರದೋ ಎಂದು ನಿರ್ಧರಿಸಿ ಗುರಿ ಹಿಡಿಯಲು ಅವನಿಗೆ ಸಿಗುವುದು 8 ಸೆಕೆಂಡು. ಗಂಟೆಗೆ 300 ಕಿ.ಮೀ. ವೇಗದಲ್ಲಿ ಬರುವವನಿಗೆ ಅದೇ ಕೆಲಸಕ್ಕೆ 24 ಸೆಕೆಂಡು ಸಿಗುತ್ತದೆ. ತಿರುವಿನ ಲೆಕ್ಕದಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು. ತಿರುವಿನ ತ್ರಿಜ್ಯ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. 60 ಡಿಗ್ರಿ ವಾಲಿ ತಿರುಗಿದರೆ ಮೊದಲನೆಯ ವಿಮಾನಕ್ಕೆ ಸುಮಾರು 3.7 ಕಿ.ಮೀ. ತ್ರಿಜ್ಯ ಬೇಕು, ಎರಡನೆಯದಕ್ಕೆ 400 ಮೀಟರ್ ಸಾಕು. ಅಂದರೆ ವೇಗದ ಜೆಟ್ ಒಮ್ಮೆ ಗುರಿ ದಾಟಿ ಹೋದರೆ ಮರಳಿ ಸಾಲಿಗೆ ಬರುವಷ್ಟರಲ್ಲಿ ಪೈಲಟ್ ಗುರಿಯನ್ನು ಹೊಸದಾಗಿ ಹುಡುಕಬೇಕು. ನಿಧಾನದ ವಿಮಾನ ಗುರಿಯ ಮೇಲಿಂದ ಕಣ್ಣು ತೆಗೆಯದೆ ಸುತ್ತಬಲ್ಲದು.

ಆದರೆ ನಿಧಾನವಾಗಿ ಸುತ್ತುವ ವಿಮಾನ ನೆಲದ ಬಂದೂಕಿಗೂ ಸುಲಭದ ತುತ್ತು. ಇದಕ್ಕೆ ಅಮೆರಿಕದ ಎ-10 ಮತ್ತು ಸೋವಿಯತ್ ಸುಖೋಯ್-25 ವಿಮಾನಗಳ ವಿನ್ಯಾಸಕಾರರು ಕಂಡುಕೊಂಡ ಉತ್ತರ ರಕ್ಷಾಕವಚ. ಎ-10ರಲ್ಲಿ ಪೈಲಟ್ ಟೈಟಾನಿಯಂ ತೊಟ್ಟಿಯೊಳಗೆ ಕೂರುತ್ತಾನೆ, ಎಂಜಿನ್‌ಗಳು ಹಿಂದೆ ಎತ್ತರದಲ್ಲಿರುತ್ತವೆ, ಏಳು ನಳಿಗೆಗಳ 30 ಮಿ.ಮೀ. ಫಿರಂಗಿಯ ಸುತ್ತಲೇ ವಿಮಾನವನ್ನು ಕಟ್ಟಲಾಗಿದೆ. ಭಾರತ ಇಂಥ ಒಂದೇ ಕಸುಬಿನ ವಿಮಾನವನ್ನು ಕೊಳ್ಳಲೂ ಇಲ್ಲ, ಕಟ್ಟಲೂ ಇಲ್ಲ. ಮರುಭೂಮಿ, ಪಂಜಾಬಿನ ಬಯಲು, ಹಿಮಾಲಯ ಮೂರನ್ನೂ ಸೀಮಿತ ಸಂಖ್ಯೆಯ ಸ್ಕ್ವಾಡ್ರನ್‌ಗಳಿಂದ ಕಾಯಬೇಕಾದ ವಾಯುಪಡೆ ಹಲವು ಕೆಲಸಕ್ಕೆ ಒದಗುವ ವಿಮಾನವನ್ನೇ ಬಯಸಿದ್ದು ಸಹಜ. ಅದರ ಬೆಲೆಯನ್ನು ನಿಕಟ ಬೆಂಬಲ ತೆರಬೇಕಾಯಿತು ಎಂಬುದು ಈ ಲೇಖಕನ ಅಭಿಪ್ರಾಯ.

ಮೂರನೆಯ ಒರೆಗಲ್ಲು ನೆಲದೊಡನೆ ಮಾತು. ಭಾರತದಲ್ಲಿ ಸೇನಾ ತುಕಡಿಯೊಡನೆ ಇರುವ ಮುಂಚೂಣಿ ವಾಯು ನಿಯಂತ್ರಕ ರೇಡಿಯೊ ಮೂಲಕ ಪೈಲಟ್ಟನ್ನು ಗುರಿಯತ್ತ ಕರೆದೊಯ್ಯುತ್ತಾನೆ. ಈ ಕೊಂಡಿ ತಪ್ಪಿದರೆ ಎಂಥ ವಿಮಾನವೂ ಕುರುಡು.

1965ರ ಪಾಠ

1962ರ ಚೀನಾ ಯುದ್ಧದಲ್ಲಿ ವಾಯುಪಡೆಯ ದಾಳಿ ವಿಮಾನಗಳನ್ನು ಬಳಸಲೇ ಇಲ್ಲ. ಹೀಗಾಗಿ ಸ್ವಾತಂತ್ರ್ಯಾನಂತರದ ನಿಕಟ ಬೆಂಬಲದ ದೊಡ್ಡ ಪರೀಕ್ಷೆ ನಡೆದದ್ದು 1965ರ ಸೆಪ್ಟೆಂಬರ್ 1ರ ಸಂಜೆ, ಜಮ್ಮುವಿನ ಛಾಂಬ್ ವಲಯದಲ್ಲಿ. ಸೇನೆಯ ಕೋರಿಕೆಗೆ ದೆಹಲಿಯಲ್ಲಿ ಒಪ್ಪಿಗೆ ದೊರೆತಾಗ ಹೊತ್ತು ಇಳಿಯುತ್ತಿತ್ತು. ಪಠಾಣ್‌ಕೋಟ್‌ನಿಂದ ಹಾರಿದ ವ್ಯಾಂಪೈರ್ ಮತ್ತು ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಟ್ಯಾಂಕುಗಳ ಮೇಲೆ ಎರಗಿದವು. ಅಂದು ನಾಲ್ಕು ವ್ಯಾಂಪೈರ್‌ಗಳು ನಷ್ಟವಾದವು. ಎರಡೂ ಕಡೆಯ ಟ್ಯಾಂಕುಗಳು ಬೆರೆತುಹೋಗಿದ್ದ ಆ ಕಣದಲ್ಲಿ ಕೆಲವು ದಾಳಿಗಳು ಭಾರತೀಯ ಪಡೆಗಳ ಮೇಲೂ ಬಿದ್ದವು. ಎರಡನೆಯ ಮಹಾಯುದ್ಧದ ಪೀಳಿಗೆಯ ವ್ಯಾಂಪೈರ್ ನಿಧಾನವಾಗಿತ್ತು, ಆದರೆ ಪಾಕಿಸ್ತಾನದ ಸೇಬರ್ ಜೆಟ್‌ಗಳೆದುರು ರಕ್ಷಣೆಯಿಲ್ಲದ್ದು. ನಿಧಾನದ ವಿಮಾನ ಬೇಕಾದರೆ ಅದರ ಮೇಲಿನ ಆಕಾಶ ಮೊದಲು ನಮ್ಮದಾಗಿರಬೇಕು ಎಂಬ ಷರತ್ತು ಅಲ್ಲಿ ಸ್ಪಷ್ಟವಾಯಿತು.

ಅದೇ ಯುದ್ಧದ ಕೊನೆಯಲ್ಲಿ, ಸೆಪ್ಟೆಂಬರ್ 22ರಂದು, ಕೊಡಗಿನ ಕೆ.ಸಿ. ಕಾರ್ಯಪ್ಪ (ಮುಂದೆ ಏರ್ ಮಾರ್ಷಲ್) ನೆಲದ ಗುರಿಗಳ ಮೇಲೆ ದಾಳಿ ನಡೆಸುತ್ತಿದ್ದ ತಮ್ಮ ಹಂಟರ್ ವಿಮಾನಕ್ಕೆ ಕೆಳಗಿನಿಂದ ಗುಂಡು ತಗುಲಿ ಸೆರೆಯಾದರು.  ತಗ್ಗಿನಲ್ಲಿ ಹಾರಿ ಒಂದೇ ಗುರಿಯತ್ತ ಮತ್ತೆ ಮತ್ತೆ ಬರುವ ಪೈಲಟ್ ಎಂಥ ಅಪಾಯಕ್ಕೆ ಒಡ್ಡಿಕೊಳ್ಳುತ್ತಾನೆ ಎಂಬುದಕ್ಕೆ ಆ ಘಟನೆ ಸಾಕ್ಷಿ.

ಕೃಷಕ್ ಮತ್ತು ಲೋಂಗೇವಾಲಾ

ಕೃಷಕ್ ದಾಳಿ ವಿಮಾನವಲ್ಲ. ವಿ.ಎಂ. ಘಾಟಗೆಯವರು ಎಚ್‌ಎಎಲ್‌ನ ವಿನ್ಯಾಸ ವಿಭಾಗವನ್ನು ನಡೆಸುತ್ತಿದ್ದ ಕಾಲದಲ್ಲಿ, ಪುಷ್ಪಕ್ ಎಂಬ ಫ್ಲೈಯಿಂಗ್ ಕ್ಲಬ್ ವಿಮಾನವನ್ನು ಹಿಗ್ಗಿಸಿ ರೂಪಿಸಿದ ಪುಟ್ಟ ವೀಕ್ಷಣಾ ವಿಮಾನ ಅದು. 1959ರಲ್ಲಿ ಮೊದಲ ಹಾರಾಟ. ಒಂದೇ ಪಿಸ್ಟನ್ ಎಂಜಿನ್, ಕೆಳಗಿನ ನೋಟಕ್ಕೆ ಅಡ್ಡಬಾರದಂತೆ ತಲೆಯ ಮೇಲೆ ರೆಕ್ಕೆ, ಗಂಟೆಗೆ ಹೆಚ್ಚೆಂದರೆ ಸುಮಾರು 200 ಕಿ.ಮೀ. ವೇಗ. ಫಿರಂಗಿ ದಳದ ಗುಂಡು ಎಲ್ಲಿ ಬೀಳುತ್ತಿದೆ ಎಂದು ಮೇಲಿಂದ ನೋಡಿ ಹೇಳುವುದು ಅದರ ನಿತ್ಯದ ಕೆಲಸ.

1971ರ ಡಿಸೆಂಬರ್ 4ರ ರಾತ್ರಿ ಪಾಕಿಸ್ತಾನದ ಟ್ಯಾಂಕ್ ದಳವೊಂದು ರಾಜಸ್ಥಾನದ ಗಡಿ ದಾಟಿ ಲೋಂಗೇವಾಲಾ ಠಾಣೆಯತ್ತ ಬಂತು. ಅಲ್ಲಿದ್ದದ್ದು ಮೇಜರ್ ಕುಲದೀಪ್ ಸಿಂಗ್ ಚಾಂದಪುರಿಯವರ ನಾಯಕತ್ವದಲ್ಲಿ 23 ಪಂಜಾಬ್ ರೆಜಿಮೆಂಟಿನ ಒಂದು ಕಂಪನಿ. ಜೈಸಲ್ಮೇರ್‌ನಲ್ಲಿದ್ದ ಹಂಟರ್‌ಗಳಿಗೆ ರಾತ್ರಿ ದಾಳಿ ನಡೆಸುವ ಸಾಧನಗಳಿರಲಿಲ್ಲ. ಇಡೀ ರಾತ್ರಿ ಕಂಪನಿ ತಾನೇ ತಡೆದು ನಿಲ್ಲಬೇಕಾಯಿತು. ಬೆಳಕು ಹರಿದೊಡನೆ ಹಂಟರ್‌ಗಳು ಬಂದವು. ಅವುಗಳಿಗೆ ದಾರಿ ತೋರಿಸಿದ್ದು ಕೃಷಕ್‌ನಲ್ಲಿ ಹಾರುತ್ತಿದ್ದ ಮೇಜರ್ ಆತ್ಮ ಸಿಂಗ್. ಮರಳಿನ ಮೇಲೆ ಟ್ಯಾಂಕುಗಳ ಜಾಡು ಮೇಲಿಂದ ಗೆರೆ ಎಳೆದಂತೆ ಕಾಣುತ್ತಿತ್ತು. ಅಡಗಲು ಮರವಿಲ್ಲ, ಊರಿಲ್ಲ. ಟ್ಯಾಂಕುಗಳ ಹಿಂಬದಿಯಲ್ಲಿ ಹೆಚ್ಚುವರಿ ಇಂಧನದ ಪೀಪಾಯಿಗಳಿದ್ದವು. ಪಾಕಿಸ್ತಾನದ ವಾಯುಪಡೆ ಅತ್ತ ಸುಳಿಯಲಿಲ್ಲ. ಹಂಟರ್‌ಗಳು ಸರದಿಯಂತೆ ಬಂದು 30 ಮಿ.ಮೀ. ಫಿರಂಗಿ ಮತ್ತು ರಾಕೆಟ್‌ಗಳಿಂದ ಹೊಡೆದವು. ಭಾರತದ ಲೆಕ್ಕದಂತೆ ಮೂವತ್ತಕ್ಕೂ ಹೆಚ್ಚು ಟ್ಯಾಂಕುಗಳು ನಾಶವಾದವು ಅಥವಾ ರಣರಂಗದಲ್ಲೇ ಕೈಬಿಡಲ್ಪಟ್ಟವು.

ಲೋಂಗೇವಾಲಾದ ಕಥೆಯಲ್ಲಿ ಠಾಣೆಯ ಸೈನಿಕರಿಗೂ ಹಂಟರ್ ಪೈಲಟ್ಟುಗಳಿಗೂ ಸಲ್ಲಬೇಕಾದ ಗೌರವ ಸಂದಿದೆ. ಬೆಂಗಳೂರಿನಲ್ಲಿ ತಯಾರಾದ ಆ ಪುಟ್ಟ ವಿಮಾನಕ್ಕೆ ಸಲ್ಲಬೇಕಾದ ಪಾಲು ಇನ್ನೂ ಬಾಕಿ ಇದೆ. 8 ಸೆಕೆಂಡಿನಲ್ಲಿ ಹಂಟರ್ ಮಾಡಲಾಗದ ಕೆಲಸವನ್ನು, ಅಂದರೆ ನಿಂತು ನೋಡಿ ಗುರುತಿಸುವುದನ್ನು, ಕೃಷಕ್ ಮಾಡಿಕೊಟ್ಟಿತು. ಒಂದೇ ವಿಮಾನದಲ್ಲಿ ಸಿಗದ ಗುಣಗಳನ್ನು ಎರಡು ವಿಮಾನಗಳ ಜೋಡಿ ಒದಗಿಸಿತು.

ಎಚ್‌ಎಫ್-24 ಮರುತ್

ಮರುತ್ ಭೂಸೇನೆಗೆ ನೆರವಾಗಲೆಂದು ಹುಟ್ಟಿದ ವಿಮಾನವಲ್ಲ. 1950ರ ದಶಕದ ನಡುವಿನಲ್ಲಿ ವಾಯುಪಡೆ ಕೇಳಿದ್ದು ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ, ಕಾದಾಟಕ್ಕೂ ದಾಳಿಗೂ ಒದಗುವ ಜೆಟ್. ಜರ್ಮನಿಯ ಫೋಕೆ-ವುಲ್ಫ್ 190ರ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅರ್ಜೆಂಟೀನಾದಲ್ಲಿ ಕೆಲಕಾಲ ದುಡಿದು, 1956ರಲ್ಲಿ ತಮ್ಮ ತಂಡದೊಡನೆ ಬೆಂಗಳೂರಿಗೆ ಬಂದರು. ಆಗಿನ ಎಚ್‌ಎಎಲ್‌ಗೆ ಸ್ವಂತ ವಿನ್ಯಾಸದ ಅನುಭವ ಇದ್ದದ್ದು ಎಚ್‌ಟಿ-2 ಎಂಬ ಪಿಸ್ಟನ್ ಎಂಜಿನ್ನಿನ ತರಬೇತಿ ವಿಮಾನದಷ್ಟು. ಅಲ್ಲಿಂದ ಶಬ್ದಾತೀತ ಜೆಟ್‌ಗೆ ಹಾರುವುದು ಆ ಕಾಲಕ್ಕೆ ಏಷ್ಯಾದ ಕೆಲವೇ ದೇಶಗಳು ಯೋಚಿಸಬಹುದಾಗಿದ್ದ ಸಾಹಸ. ಮೊದಲು ಅದೇ ಆಕಾರದ, ಅಳತೆಯಲ್ಲೂ ಪೂರ್ಣ ಪ್ರಮಾಣದ ಮರದ ಗ್ಲೈಡರ್ ಒಂದನ್ನು ಕಟ್ಟಿ 1959ರಲ್ಲಿ ಹಾರಿಸಿ ನೋಡಿದರು. 1961ರ ಜೂನ್‌ನಲ್ಲಿ ವಿಂಗ್ ಕಮಾಂಡರ್ ಸುರಂಜನ್ ದಾಸ್ ಮೂಲ ಮಾದರಿಯನ್ನು ಬೆಂಗಳೂರಿನ ಆಕಾಶಕ್ಕೆ ಏರಿಸಿದರು.

ಕೊರತೆ ಇದ್ದದ್ದು ಎಂಜಿನ್ನಿನಲ್ಲಿ. ವಿನ್ಯಾಸಕಾರರು ನೆಚ್ಚಿದ್ದು ಬ್ರಿಟನ್ನಿನ ಬ್ರಿಸ್ಟಲ್ ಆರ್ಫಿಯಸ್‌ನ ಆಫ್ಟರ್‌ಬರ್ನರ್ (ಹಿಂಬದಿಯಲ್ಲಿ ಇನ್ನಷ್ಟು ಇಂಧನ ಉರಿಸಿ ನೂಕುಬಲ ಏರಿಸುವ ಸಾಧನ) ಸಹಿತ ಬಿಒಆರ್-12 ರೂಪವನ್ನು. ಅದರ ಅಭಿವೃದ್ಧಿಯನ್ನು ಬ್ರಿಟನ್ ಕೈಬಿಟ್ಟಿತು. ವೆಚ್ಚ ಹೊತ್ತು ಅದನ್ನು ಪೂರ್ಣಗೊಳಿಸಲು ಭಾರತ ಮುಂದಾಗಲಿಲ್ಲ. ಈಜಿಪ್ಟಿನ ಇ-300 ಎಂಜಿನ್ನನ್ನೂ ಪ್ರಯತ್ನಿಸಿದರು, ಅದೂ ಕೈಗೂಡಲಿಲ್ಲ. ಕೊನೆಗೆ ಉಳಿದದ್ದು ಆಫ್ಟರ್‌ಬರ್ನರ್ ಇಲ್ಲದ ಆರ್ಫಿಯಸ್ 703 ಜೋಡಿ, ತಲಾ ಸುಮಾರು 2,200 ಕಿಲೊಗ್ರಾಂ ನೂಕುಬಲ. ಎರಡು ಪಟ್ಟು ಶಬ್ದವೇಗದ ಕನಸು ಶಬ್ದವೇಗದ ಹೊಸ್ತಿಲಲ್ಲೇ ನಿಂತಿತು. ಆಫ್ಟರ್‌ಬರ್ನರ್ ಅನ್ನು ದೇಶದಲ್ಲೇ ಜೋಡಿಸುವ ಪ್ರಯತ್ನ ಮುಂದುವರಿದಿದ್ದಾಗ, 1970ರ ಜನವರಿ 10ರಂದು ಬೆಂಗಳೂರಿನಲ್ಲಿ ನಡೆದ ಅಪಘಾತದಲ್ಲಿ ಸುರಂಜನ್ ದಾಸ್ ಅಸುನೀಗಿದರು. ನಗರದ ಪೂರ್ವಭಾಗದ ರಸ್ತೆಯೊಂದು ಅವರ ಹೆಸರನ್ನು ಹೊತ್ತಿದೆ.

ಹೀಗೆ ಕಾದಾಟದ ವಿಮಾನವಾಗಿ ಸೋತ ಮರುತ್‌ನಲ್ಲಿ ನೆಲದಾಳಿಗೆ ಬೇಕಾದ ಗುಣಗಳು ಮೊದಲಿಂದಲೂ ಅಡಗಿದ್ದವು. ಹೆಚ್ಚು ವೇಗಕ್ಕೆಂದು ರೂಪಿಸಿದ ಗಟ್ಟಿ ಮೈಕಟ್ಟು ಮತ್ತು ಹಿಂಬಾಗಿದ ರೆಕ್ಕೆ, ನೆಲಕ್ಕೆ ತಾಗಿದಂತೆ ಹಾರುವಾಗ ಮರುಭೂಮಿಯ ಬಿಸಿಗಾಳಿಯ ಕುಲುಕಾಟವನ್ನು ತಾಳಿಕೊಂಡು ಸ್ಥಿರವಾಗಿ ಸಾಗುತ್ತಿದ್ದವು. ಎಂಜಿನ್ ಎರಡಿದ್ದದ್ದರಿಂದ ಒಂದು ಕೆಟ್ಟರೂ ಮರಳುವ ಆಸೆಯಿತ್ತು. ಹೈಡ್ರಾಲಿಕ್ ಒತ್ತಡ ಹೋದರೆ ಪೈಲಟ್ ತೋಳಬಲದಿಂದಲೇ ನಿಯಂತ್ರಿಸುವ ಏರ್ಪಾಡಿತ್ತು; 1971ರಲ್ಲಿ ಪೆಟ್ಟು ತಿಂದ ವಿಮಾನಗಳು ಹೀಗೆ ನೆಲೆ ಮುಟ್ಟಿದ ವರದಿಗಳಿವೆ.

ಶಸ್ತ್ರಗಳ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ಮೂತಿಯಲ್ಲಿ ನಾಲ್ಕು 30 ಮಿ.ಮೀ. ಏಡನ್ ಫಿರಂಗಿಗಳು, ತಲಾ ನೂರಕ್ಕೂ ಹೆಚ್ಚು ಗುಂಡು. ಒಂದೊಂದೂ ಸೆಕೆಂಡಿಗೆ ಸುಮಾರು 20 ಗುಂಡು ಉಗುಳುವುದರಿಂದ ಗುಂಡಿ ಒತ್ತಿ ಹಿಡಿದರೆ ಐದಾರು ಸೆಕೆಂಡಿನಲ್ಲಿ ಎಲ್ಲ ಖಾಲಿ. ನಾಲ್ಕನ್ನೂ ಒಟ್ಟಿಗೆ ಹಾರಿಸಿದಾಗ ಮೂತಿಯ ಕಂಪನ ಎಷ್ಟಿತ್ತೆಂದರೆ ಉಪಕರಣಗಳಿಗೆ ಧಕ್ಕೆಯಾಗುತ್ತಿತ್ತು. ಅದು ಮರುತ್‌ನ ಸೇವೆಯುದ್ದಕ್ಕೂ ಕಾಡಿದ ತೊಂದರೆ. ಹೊಟ್ಟೆಯೊಳಗೆ ಮಡಚಿಕೊಳ್ಳುವ ತಟ್ಟೆಯಲ್ಲಿ 68 ಮಿ.ಮೀ. ವ್ಯಾಸದ 50 ಫ್ರೆಂಚ್ ರಾಕೆಟ್‌ಗಳು ಕೂರುತ್ತಿದ್ದವು. ಪೈಲಟ್ ಗುಂಡಿ ಒತ್ತಿದಾಗ ತಟ್ಟೆ ಕೆಳಗಿಳಿದು, ರಾಕೆಟ್‌ಗಳು ಹಾರಿದ ಮೇಲೆ ಒಳಸರಿಯುತ್ತಿತ್ತು. ರೆಕ್ಕೆಯಡಿಯ ನಾಲ್ಕು ಕೊಕ್ಕೆಗಳಲ್ಲಿ ಬಾಂಬು ಅಥವಾ ಹೆಚ್ಚುವರಿ ಇಂಧನದ ಟ್ಯಾಂಕು. ಚದುರಿದ ಲಾರಿಗಳಿಗೆ ರಾಕೆಟ್, ಟ್ಯಾಂಕಿನ ತೆಳುವಾದ ಮೇಲ್ಭಾಗಕ್ಕೆ ಫಿರಂಗಿ, ಬಂಕರಿಗೆ ಬಾಂಬು ಎಂದು ಒಂದೇ ಹಾರಾಟದಲ್ಲಿ ಗುರಿಗೆ ತಕ್ಕ ಅಸ್ತ್ರವನ್ನು ಆರಿಸಿಕೊಳ್ಳಬಹುದಾಗಿತ್ತು. ನಿಕಟ ಬೆಂಬಲಕ್ಕೆ ಹೊರಡುವ ಪೈಲಟ್ಟಿಗೆ ಮುಂದೆ ಏನು ಎದುರಾಗುತ್ತದೆಂದು ತಿಳಿದಿರುವುದಿಲ್ಲವಾದ್ದರಿಂದ ಈ ಅನುಕೂಲ ದೊಡ್ಡದು.

ಮರುತ್ 1967ರಲ್ಲಿ 10ನೆಯ ಸ್ಕ್ವಾಡ್ರನ್‌ಗೆ, ಅನಂತರ 220 ಮತ್ತು 31ನೆಯ ಸ್ಕ್ವಾಡ್ರನ್‌ಗಳಿಗೆ ಸೇರಿತು. 1971ರಲ್ಲಿ ಮೊದಲಿನ ಎರಡು ಸ್ಕ್ವಾಡ್ರನ್‌ಗಳು ಜೋಧ್‌ಪುರ ಮತ್ತು ಉತ್ತರಲಾಯಿ ನೆಲೆಗಳಿಂದ ಹಾರಿ ಸಿಂಧ್ ಗಡಿಯ ಕಣದಲ್ಲಿ ರೈಲು, ವಾಹನಸಾಲು, ಸೇನಾ ನೆಲೆಗಳ ಮೇಲೆ ಇನ್ನೂರಕ್ಕೂ ಹೆಚ್ಚು ದಾಳಿ ಹಾರಾಟಗಳನ್ನು ನಡೆಸಿದವು. ಆಕಾಶದ ಕಾದಾಟದಲ್ಲಿ ಒಂದು ಮರುತ್ ಕೂಡ ಬೀಳಲಿಲ್ಲ; ನಷ್ಟಗಳು ಆದದ್ದು ನೆಲದ ಗುಂಡಿನಿಂದ ಮತ್ತು ನೆಲೆಗಳ ಮೇಲಿನ ದಾಳಿಯಿಂದ. ಡಿಸೆಂಬರ್ 7ರಂದು ಸ್ಕ್ವಾಡ್ರನ್ ಲೀಡರ್ ಕೆ.ಕೆ. ಬಕ್ಷಿ ಮರುತ್‌ನಿಂದಲೇ ಒಂದು ಸೇಬರ್ ಜೆಟ್ ಉರುಳಿಸಿದರೆಂದು ದಾಖಲಾಗಿದೆ. ಲೋಂಗೇವಾಲಾದ ಗೆಲುವನ್ನು ಮರುತ್‌ಗೆ ಒಪ್ಪಿಸುವ ಬರಹಗಳು ಅಲ್ಲಲ್ಲಿ ಕಾಣಸಿಗುತ್ತವೆ. ಅಲ್ಲಿನ ಮುಖ್ಯ ಕೆಲಸ ಹಂಟರ್‌ಗಳದ್ದು. ಮರುತ್‌ನ ನಿಜವಾದ ಕಣ ಅದರ ದಕ್ಷಿಣಕ್ಕೆ ಇತ್ತು ಎನ್ನುವುದೇ ಹೆಚ್ಚು ಸರಿ.

ತರಬೇತಿ ರೂಪವೂ ಸೇರಿ ಒಟ್ಟು 147 ಮರುತ್‌ಗಳು ತಯಾರಾದವು. 1980ರ ದಶಕದಲ್ಲಿ ಅವನ್ನು ಸೇವೆಯಿಂದ ಹಿಂದೆಗೆಯಲಾಯಿತು. ವೇಗದ ಅಂಕಿಯೊಂದರಿಂದಲೇ ಅಳೆದು ಮರುತ್ ವಿಫಲವೆಂದು ಬರೆಯುವ ರೂಢಿ ಇದೆ. ನೆಲಸೈನಿಕನ ಕಡೆಯಿಂದ ನೋಡಿದರೆ ಆ ತೀರ್ಪು ನಿಲ್ಲುವುದಿಲ್ಲ.

ಅಜೀತ್ ಮತ್ತು ಜಾಗ್ವಾರ್

ಬ್ರಿಟಿಷ್ ನ್ಯಾಟ್ ವಿಮಾನವನ್ನು ತಿದ್ದಿ ಎಚ್‌ಎಎಲ್ ರೂಪಿಸಿದ ಅಜೀತ್ 1975ರಲ್ಲಿ ಮೊದಲು ಹಾರಿತು. ರೆಕ್ಕೆಯೊಳಗೇ ಇಂಧನ ತುಂಬಿ, ಹೊರಗಿನ ಕೊಕ್ಕೆಗಳನ್ನು ಆಯುಧಕ್ಕೆ ಬಿಟ್ಟುಕೊಟ್ಟದ್ದು ಅದರ ಮುಖ್ಯ ಸುಧಾರಣೆ. ಆದರೂ ನೆಲದಾಳಿಗೆ ಅದು ತೀರ ಚಿಕ್ಕದು. 1978ರಲ್ಲಿ ಆಯ್ಕೆಯಾಗಿ ಮುಂದೆ ಬೆಂಗಳೂರಿನಲ್ಲೂ ತಯಾರಾದ ಜಾಗ್ವಾರ್‌ನ ಮೊದಲ ಹೊಣೆ ಶತ್ರುನೆಲದೊಳಗೆ ಆಳವಾಗಿ ನುಗ್ಗುವುದು. ನಿಕಟ ಬೆಂಬಲ ಅದರ ಪಟ್ಟಿಯಲ್ಲಿ ಕೆಳಗಿತ್ತು.

ಕಾರ್ಗಿಲ್ ಮತ್ತು ಪ್ರಚಂಡ

1999ರ ಮೇ 26ರಂದು ಕಾರ್ಗಿಲ್‌ನಲ್ಲಿ ವಾಯುಪಡೆಯ 'ಸಫೇದ್ ಸಾಗರ್' ಕಾರ್ಯಾಚರಣೆ ಆರಂಭವಾಯಿತು. ಮರುದಿನ ಒಂದು ಮಿಗ್-21 ಮತ್ತು ಒಂದು ಮಿಗ್-27, ಅದರ ಮರುದಿನ ತೋಲೋಲಿಂಗ್ ಬಳಿ ರಾಕೆಟ್ ಹೊತ್ತ ಮಿ-17 ಹೆಲಿಕಾಪ್ಟರ್ ನಷ್ಟವಾದವು. ಮಿ-17ರ ನಾಲ್ವರೂ ಮಡಿದರು. ಶತ್ರು 5,000 ಮೀಟರ್ ಎತ್ತರದ ಶಿಖರದಲ್ಲಿ ಹೆಗಲ ಮೇಲೆ ಕ್ಷಿಪಣಿ ಇಟ್ಟು ಕೂತಿದ್ದರೆ ಆ ಕ್ಷಿಪಣಿ ತಲುಪುವ ಎತ್ತರಕ್ಕೆ ಬೆಟ್ಟದ ಎತ್ತರವೂ ಕೂಡುತ್ತದೆ. ಬಯಲಿನಲ್ಲಿ ಸುರಕ್ಷಿತವಾದ ಎತ್ತರ ಅಲ್ಲಿ ಸುರಕ್ಷಿತವಲ್ಲ. ಸಶಸ್ತ್ರ ಹೆಲಿಕಾಪ್ಟರ್‌ಗಳನ್ನು ಹಿಂದೆಗೆದು, ಜೆಟ್‌ಗಳು ಇನ್ನೂ ಮೇಲಿಂದ ದಾಳಿ ನಡೆಸಿದವು. ಜೂನ್‌ನಲ್ಲಿ ಮಿರಾಜ್-2000 ವಿಮಾನಗಳು ಮುಂಥೊ ಧಾಲೊದ ಸರಬರಾಜು ಶಿಬಿರವನ್ನೂ, ಲೇಸರ್ ಬಾಂಬಿನಿಂದ ಟೈಗರ್ ಹಿಲ್‌ನ ಬಂಕರನ್ನೂ ಹೊಡೆದವು. ಫಲ ದೊಡ್ಡದಾಗಿತ್ತು. ಆದರೆ ಇಳಿಜಾರಿನಲ್ಲಿ ಬಂಡೆ ಹಿಡಿದು ಏರುತ್ತಿದ್ದ ಪದಾತಿಯ ಪಕ್ಕದಲ್ಲೇ ನಿಂತು ಹೊಡೆಯಬಲ್ಲ ಹೆಲಿಕಾಪ್ಟರ್ ಭಾರತದ ಬಳಿ ಇರಲಿಲ್ಲ. ರಷ್ಯನ್ ಮಿ-35 ಆ ಎತ್ತರಕ್ಕೆ ಹೇಳಿಮಾಡಿಸಿದ್ದಲ್ಲ.

ಕಾರಣ ಗಾಳಿ. 5,000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಸುಮಾರು 60 ಪ್ರತಿಶತ. ರೋಟರ್ ತಳ್ಳಲು ಗಾಳಿ ಕಡಿಮೆ, ಎಂಜಿನ್ ಉಸಿರಾಡಲೂ ಕಡಿಮೆ. ಕವಚದ ಭಾರ ಹೊತ್ತ ಹೆಲಿಕಾಪ್ಟರ್ ಅಲ್ಲಿ ಆಯುಧವನ್ನೋ ಇಂಧನವನ್ನೋ ಕೆಳಗೆ ಬಿಟ್ಟು ಬರಬೇಕು. ಆದ್ದರಿಂದ ಬೆಂಗಳೂರಿನ ಎಚ್‌ಎಎಲ್ ಹೆಲಿಕಾಪ್ಟರ್ ವಿನ್ಯಾಸ ಕೇಂದ್ರ ತೂಕ ಇಳಿಸುವುದರಿಂದಲೇ ಶುರುಮಾಡಿತು. ಧ್ರುವ ಹೆಲಿಕಾಪ್ಟರಿನ ರೋಟರ್ ಮತ್ತು ಗೇರ್ ವ್ಯವಸ್ಥೆ ಕೈಯಲ್ಲಿತ್ತು. ಅದಕ್ಕೆ ಕಿರಿದಾದ ಹೊಸ ಒಡಲು, ಹಿಂದೊಬ್ಬರು ಮುಂದೊಬ್ಬರು ಕೂರುವ ಪೈಲಟ್ಟುಗಳು, ಫ್ರಾನ್ಸಿನೊಡನೆ ಕೂಡಿ ಅಭಿವೃದ್ಧಿಪಡಿಸಿದ ಎರಡು ಶಕ್ತಿ ಎಂಜಿನ್‌ಗಳು. ಒಟ್ಟು ತೂಕ 5.8 ಟನ್. 2006ರಲ್ಲಿ ಯೋಜನೆಗೆ ಒಪ್ಪಿಗೆ, 2010ರ ಮಾರ್ಚ್ 29ರಂದು ಮೊದಲ ಹಾರಾಟ, 2015ರಲ್ಲಿ ಲಡಾಖ್‌ನ ಚಳಿ ಮತ್ತು ಎತ್ತರದ ಪರೀಕ್ಷೆಗಳು. 2022ರ ಅಕ್ಟೋಬರ್ 3ರಂದು ಜೋಧ್‌ಪುರದಲ್ಲಿ 143ನೆಯ ಹೆಲಿಕಾಪ್ಟರ್ ಘಟಕಕ್ಕೆ 'ಪ್ರಚಂಡ' ಎಂಬ ಹೆಸರಿನಿಂದ ಸೇರಿತು. ಆಯುಧದ ಭಾರದೊಡನೆ 5,000 ಮೀಟರ್ ಎತ್ತರದಲ್ಲಿ ಇಳಿದು ಏರಬಲ್ಲದೆಂದು ತಯಾರಕರು ಹೇಳುತ್ತಾರೆ.

ಮೂತಿಯ ಕೆಳಗಿನ 20 ಮಿ.ಮೀ. ಫಿರಂಗಿ ಪೈಲಟ್ಟಿನ ಶಿರಸ್ತ್ರಾಣದೊಡನೆ ತಿರುಗುತ್ತದೆ; ಅವನು ನೋಡಿದತ್ತ ನಳಿಗೆ. 70 ಮಿ.ಮೀ. ರಾಕೆಟ್‌ಗಳೂ ಆಕಾಶಗುರಿಗೆ ಮಿಸ್ಟ್ರಲ್ ಕ್ಷಿಪಣಿಯೂ ಇವೆ. ಸೇನೆಗೆ ಸೇರಿದಾಗ ಟ್ಯಾಂಕ್ ನಾಶಕ ಕ್ಷಿಪಣಿ ಇನ್ನೂ ಜೋಡಣೆಯಾಗದಿದ್ದದ್ದು ಅದರ ಗಂಭೀರ ಕೊರತೆ. ಬಯಲಿನ ಟ್ಯಾಂಕ್ ಯುದ್ಧಕ್ಕೆ ಭಾರವಾದ ಅಪಾಚೆ ಹೆಲಿಕಾಪ್ಟರೇ ಮೇಲು. ಶಿಖರದ ಬಂಕರಿಗೆ ಪ್ರಚಂಡ.

ಪಶ್ಚಿಮ ಬೆಂಗಳೂರಿನ ನಂಟು

ಎಚ್‌ಎಎಲ್‌ನ ಹ್ಯಾಂಗರ್‌ಗಳು ಇರುವುದು ನಗರದ ಪೂರ್ವದಲ್ಲಿ. ಆದರೆ ವಿಮಾನ ಎಂದರೆ ಸಾವಿರಾರು ಬಿಡಿಭಾಗಗಳು, ಅವನ್ನು ಕಡೆಯುವ ಲೇತ್‌ಗಳು, ಅಚ್ಚುಗಳು, ಅಳತೆಗೋಲುಗಳು. ರಾಜಾಜಿನಗರದ ಕೈಗಾರಿಕಾ ವಸಾಹತು ಮತ್ತು ಅದರ ಉತ್ತರದ ಪೀಣ್ಯ ಈ ಸೂಕ್ಷ್ಮ ಯಂತ್ರಕೆಲಸದ ತವರು. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಸೇನೆಗೆ ರೇಡಿಯೊ ಮತ್ತು ಇಲೆಕ್ಟ್ರಾನಿಕ್ ಉಪಕರಣಗಳನ್ನು ಕೊಡುತ್ತ ಬಂದಿದೆ.  ಸಣ್ಣ ಕಾರ್ಖಾನೆಗಳ ಪಾಲು ಎಷ್ಟೆಂಬುದು ಗುತ್ತಿಗೆಯ ಕಾಗದಗಳಲ್ಲಿ ಚದುರಿದೆ. ಅದನ್ನು ಕಲೆಹಾಕುವ ಕೆಲಸ ಆಗಬೇಕು.

ನಗರದ ಈ ಭಾಗದ ಮಹತ್ವ ಮುಂದೆ ಹೆಚ್ಚುವ ಸಂಭವವಿದೆ. ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್‌ನ 615 ಎಕರೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಪೀಣ್ಯ ಇರುವುದು ಅತ್ತ ಹೋಗುವ ತುಮಕೂರು ರಸ್ತೆಯಲ್ಲೇ.

ಇಂದಿನ ಸ್ಥಿತಿ

ಮೊದಲ ಕಂತಿನ 15 ಪ್ರಚಂಡಗಳಲ್ಲಿ ಹತ್ತು ವಾಯುಪಡೆಗೆ, ಐದು ಭೂಸೇನೆಗೆ. 2025ರ ಮಾರ್ಚ್ 28ರಂದು ರಕ್ಷಣಾ ಸಚಿವಾಲಯ ಇನ್ನೂ 156ಕ್ಕೆ ಸುಮಾರು 62,700 ಕೋಟಿ ರೂಪಾಯಿಗಳ ಒಪ್ಪಂದ ಮಾಡಿಕೊಂಡಿತು. ಈ ಬಾರಿ ದೊಡ್ಡ ಪಾಲು, 90, ಭೂಸೇನೆಗೆ, 66 ವಾಯುಪಡೆಗೆ. ನೆರವು ಬೇಕಾದವರ ಕೈಗೇ ನೆರವಿನ ವಾಹನ ಕೊಡುವ ಈ ಹಂಚಿಕೆ ಸರಿಯಾದದ್ದು. ಅವು ಬೆಂಗಳೂರು ಮತ್ತು ತುಮಕೂರಿನಲ್ಲಿ ತಯಾರಾಗಲಿದ್ದು, ಒಪ್ಪಂದದ ಪ್ರಕಾರ ಪೂರೈಕೆ ಮೂರನೆಯ ವರ್ಷದಿಂದ ಆರಂಭವಾಗಿ ಮುಂದಿನ ಐದು ವರ್ಷಗಳಲ್ಲಿ ಮುಗಿಯಬೇಕು.